ಹಡಗಿನ ಪಕ್ಕದ ಉಂಗುರ ಮತ್ತು ಗೆರೆಗಳು: ಲೋಡ್ ಲೈನ್ ಓದುವುದು ಹೇಗೆ

ಯಾವುದಾದರೂ ಸರಕು ಹಡಗಿನ ಫೋಟೋ ತೆಗೆದುಕೊಂಡು ಅದರ ನಡುಭಾಗವನ್ನು ದೊಡ್ಡದು ಮಾಡಿ ನೋಡಿ. ಒಂದು ಉಂಗುರ, ಅದರ ಮಧ್ಯೆ ಅಡ್ಡಕ್ಕೆ ಹಾದುಹೋದ ಗೆರೆ, ಪಕ್ಕದಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ನಾಲ್ಕೈದು ಗಿಡ್ಡ ಗೆರೆಗಳು, ಒಂದೊಂದರ ತುದಿಗೂ ಒಂದೊಂದು ಇಂಗ್ಲಿಷ್ ಅಕ್ಷರ. ಇದೇ ಲೋಡ್ ಲೈನ್. ಪ್ಲಿಮ್ಸೋಲ್ ಲೈನ್ ಅಂತಲೂ ಕರೆಯುತ್ತಾರೆ. ಹಡಗು ಎಷ್ಟು ಆಳಕ್ಕೆ ಇಳಿಯಬಹುದು ಅನ್ನೋದರ ಕಾನೂನು ಮಿತಿ ಇದು.

ಬಹಳ ಜನ ಇದನ್ನು "ಇಷ್ಟು ಟನ್ ತುಂಬಬಹುದು" ಅನ್ನುವ ಗುರುತು ಅಂದುಕೊಳ್ಳುತ್ತಾರೆ. ಹಾಗಲ್ಲ. ಹಡಗಿನ ಮೈ ಎಷ್ಟು ನೀರಿನ ಮೇಲೆ ಉಳಿಯಲೇಬೇಕು ಅನ್ನುವುದನ್ನು ಇದು ಹೇಳುತ್ತದೆ. ಟನ್ ಲೆಕ್ಕ ಆಮೇಲೆ ಬರುತ್ತದೆ. ಈ ಒಂದು ವಿಷಯ ತಲೆಯಲ್ಲಿ ಇಟ್ಟುಕೊಂಡರೆ ಮುಂದಿನ ಗೆರೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತಾ ಹೋಗುತ್ತವೆ.

ನೀರಿನ ಮೇಲೆ ಯಾಕೆ ಉಳಿಯಬೇಕು? ನೀರಿನ ಮಟ್ಟದಿಂದ ಡೆಕ್‌ವರೆಗೆ ಇರುವ ಎತ್ತರಕ್ಕೆ ಫ್ರೀಬೋರ್ಡ್ ಅಂತಾರೆ. ಆ ಎತ್ತರದೊಳಗೆ ನೀರು ನುಗ್ಗದ ಖಾಲಿ ಜಾಗ ಇರುತ್ತದಲ್ಲ, ಅದೇ ಹಡಗಿನ ಉಳಿತಾಯದ ತೇಲುವ ಶಕ್ತಿ. ದೊಡ್ಡ ಅಲೆ ಬಂದು ಮೂತಿ ಮುಳುಗಿದಾಗ, ಎಲ್ಲೋ ಒಂದು ಕಡೆ ನೀರು ಒಳಗೆ ಬಂದಾಗ, ಹಡಗನ್ನು ಮತ್ತೆ ಮೇಲಕ್ಕೆ ಎತ್ತುವುದು ಅದು. ಅಂಚಿನವರೆಗೆ ತುಂಬಿದ ಹಡಗು ಶಾಂತ ನೀರಿನಲ್ಲಿ ಚೆನ್ನಾಗಿಯೇ ತೇಲುತ್ತದೆ. ತೊಂದರೆ ಶುರುವಾಗುವುದು ಹೊರಗೆ ಸಮುದ್ರ ಎದ್ದಾಗ.

ಈ ಗೆರೆ ಬಂದಿದ್ದು ಯಾಕೆ

1870ರ ದಶಕದ ಬ್ರಿಟನ್‌ನಲ್ಲಿ ಹಳೆಯ ಹಡಗಿಗೆ ಮಿತಿಮೀರಿ ಸರಕು ತುಂಬಿ, ಅದರ ಬೆಲೆಗಿಂತ ಜಾಸ್ತಿ ವಿಮೆ ಮಾಡಿಸಿ, ಸಮುದ್ರಕ್ಕೆ ಕಳುಹಿಸುವ ಮಾಲೀಕರಿದ್ದರು. ಬಂದರೆ ಲಾಭ, ಮುಳುಗಿದರೂ ಲಾಭ. ಅಂಥವಕ್ಕೆ ಶವಪೆಟ್ಟಿಗೆ ಹಡಗು ಅನ್ನುವ ಹೆಸರೇ ಬಿದ್ದಿತ್ತು. ಒಮ್ಮೆ ಕೆಲಸಕ್ಕೆ ಸಹಿ ಹಾಕಿದ ನಾವಿಕ ಆಮೇಲೆ ಹಡಗಿನ ಸ್ಥಿತಿ ನೋಡಿ ಹತ್ತಲ್ಲ ಅಂದರೆ ಜೈಲಿಗೆ ಹೋಗಬೇಕಿತ್ತು. ಡರ್ಬಿಯ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸೋಲ್ ಇದರ ವಿರುದ್ಧ ಹಟ ಹಿಡಿದು ನಿಂತರು. 1875ರಲ್ಲಿ ಪಾರ್ಲಿಮೆಂಟಿನಲ್ಲೇ ಕೂಗಾಡಿ ದೊಡ್ಡ ರಂಪ ಆಯಿತು. 1876ರಲ್ಲಿ ಕಾನೂನು ಬಂತು, ಬಹುತೇಕ ಬ್ರಿಟಿಷ್ ಹಡಗುಗಳಿಗೆ ಗುರುತು ಕಡ್ಡಾಯ.

ಆದರೆ ತಮಾಷೆ ನೋಡಿ, ಆ ಕಾನೂನಿನಲ್ಲಿ ಗುರುತು ಹಾಕಬೇಕು ಅಂತ ಇತ್ತೇ ಹೊರತು ಎಲ್ಲಿ ಹಾಕಬೇಕು ಅಂತ ಇರಲಿಲ್ಲ! ಅದು ಮಾಲೀಕನ ಇಷ್ಟ. ಒಬ್ಬ ಹೊಗೆಕೊಳವೆಯ ಮೇಲೆ ಬರೆಸಿದ ಅನ್ನುವ ಕಥೆಯೂ ಇದೆ. ಕಥೆ ನಿಜವೋ ಸುಳ್ಳೋ, ಕಾನೂನಿನ ತೂತು ಅಂತೂ ನಿಜ. ಅದನ್ನು ಮುಚ್ಚಿದ್ದು 1890ರಲ್ಲಿ, ಗುರುತಿನ ಜಾಗವನ್ನು ಸರ್ಕಾರದ ಲೆಕ್ಕವೇ ತೀರ್ಮಾನಿಸುವಂತೆ ಮಾಡಿ. ಮುಂದೆ 1930ರಲ್ಲಿ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಈಗ ಜಗತ್ತಿನ ಹಡಗುಗಳು ಪಾಲಿಸುತ್ತಿರುವುದು 1966ರ ಒಪ್ಪಂದ ಮತ್ತು ಅದರ 1988ರ ತಿದ್ದುಪಡಿಯನ್ನು.

ಹಂತ 1: ಡೆಕ್ ಗೆರೆ ಹುಡುಕಿ

ಕಣ್ಣು ಮೊದಲು ಉಂಗುರದ ಮೇಲೆ ಹೋಗುತ್ತದೆ. ಬೇಡ, ಅದಕ್ಕಿಂತ ಮೇಲೆ ನೋಡಿ. ಡೆಕ್‌ನ ಅಂಚಿನ ಹತ್ತಿರ 300 ಮಿ.ಮೀ. ಉದ್ದ, 25 ಮಿ.ಮೀ. ದಪ್ಪದ ಒಂಟಿ ಗೆರೆ ಇರುತ್ತದೆ. ಉಂಗುರಕ್ಕೆ ಸರಿಯಾಗಿ ನೇರ ಮೇಲೆ. ಅಳತೆ ಶುರುವಾಗುವುದು ಇಲ್ಲಿಂದ. ಈ ಗೆರೆಯ ಮೇಲಂಚಿನಿಂದ ಉಂಗುರದ ಮಧ್ಯಕ್ಕೆ ಇರುವ ದೂರವೇ ಆ ಹಡಗಿನ ಬೇಸಿಗೆ ಫ್ರೀಬೋರ್ಡ್. ಹಡಗಿನ ಲೋಡ್ ಲೈನ್ ಸರ್ಟಿಫಿಕೇಟಿನಲ್ಲಿ ಇದೇ ಅಂಕಿ ಮಿಲಿಮೀಟರಿನಲ್ಲಿ ಬರೆದಿರುತ್ತದೆ. ಗುರುತು ಸರಿಯಾದ ಜಾಗದಲ್ಲಿ ಇದೆಯೋ ಇಲ್ಲವೋ ನೋಡಬೇಕಾದ ಸರ್ವೇಯರ್ ಟೇಪ್ ಹಿಡಿದು ಅಳೆಯುವುದೂ ಈ ದೂರವನ್ನೇ.

ಈ ದೂರ ಎಲ್ಲ ಹಡಗಿಗೂ ಒಂದೇ ಅಲ್ಲ. ಹಡಗಿನ ಉದ್ದ ನೋಡಿ ಕೋಷ್ಟಕದಿಂದ ಒಂದು ಮೂಲ ಅಂಕಿ ತೆಗೆದು, ಆಮೇಲೆ ಅದರ ಆಕಾರ, ಆಳ, ಡೆಕ್ ಮೇಲಿನ ಕಟ್ಟಡ ಇವುಗಳಿಗೆ ತಕ್ಕಂತೆ ಕೂಡಿ ಕಳೆಯುತ್ತಾರೆ. ಟ್ಯಾಂಕರ್‌ಗಳು ಎ ವರ್ಗ. ಡೆಕ್‌ನಲ್ಲಿ ದೊಡ್ಡ ಬಾಯಿಗಳಿಲ್ಲ, ಇರುವ ಸಣ್ಣ ಬಾಯಿಗೂ ಗಟ್ಟಿ ಮುಚ್ಚಳ. ಸರಕು ಇಳಿಸುವ ದೊಡ್ಡ ಬಾಯಿ, ಅಂದರೆ ಹ್ಯಾಚ್, ಇರುವ ಉಳಿದ ಹಡಗುಗಳು ಬಿ ವರ್ಗ. 200 ಮೀಟರ್ ಉದ್ದದ ಹಡಗಿಗೆ ಕೋಷ್ಟಕದ ಮೂಲ ಅಂಕಿ ಎ ವರ್ಗಕ್ಕೆ 2612 ಮಿ.ಮೀ., ಬಿ ವರ್ಗಕ್ಕೆ 3264 ಮಿ.ಮೀ. ನೀರು ಒಳಗೆ ಬರುವ ದಾರಿ ಜಾಸ್ತಿ ಇದ್ದಷ್ಟೂ ಹಡಗು ಎತ್ತರದಲ್ಲೇ ತೇಲಬೇಕು, ಅಷ್ಟೇ ಲೆಕ್ಕ. ತುಂಬಿದ ಟ್ಯಾಂಕರ್ ಮುಳುಗಿಯೇ ಹೋಯಿತೇನೋ ಅನ್ನುವ ಹಾಗೆ ಕಾಣುವುದಕ್ಕೆ ಇದೂ ಒಂದು ಕಾರಣ.

ಹಂತ 2: ಉಂಗುರ ಮತ್ತು ಅದರ ಪಕ್ಕದ ಅಕ್ಷರ

ಉಂಗುರದ ಹೊರ ಅಳತೆ 300 ಮಿ.ಮೀ. ಅದನ್ನು ಸೀಳಿಕೊಂಡು ಹೋಗುವ ಗೆರೆ 450 ಮಿ.ಮೀ. ಉದ್ದ. ಈ ಗೆರೆಯ ಮೇಲಂಚು ಉಂಗುರದ ನಡುಬಿಂದುವಿನಲ್ಲಿ ಹಾದುಹೋಗುತ್ತದೆ. ಮೇಲಂಚು ಅನ್ನುವುದನ್ನು ಮರೆಯಬೇಡಿ. ಎಲ್ಲ ಗೆರೆಗಳಿಗೂ ಅದೇ ನಿಯಮ: ಗೆರೆಯ ಮಧ್ಯ ಅಲ್ಲ, ಕೆಳಗಿನ ಅಂಚೂ ಅಲ್ಲ, ಮೇಲಿನ ಅಂಚು. ಗೆರೆಯ ದಪ್ಪ 25 ಮಿ.ಮೀ. ಅಷ್ಟೇ ತಾನೇ ಅನ್ನಿಸಬಹುದು, ಆದರೆ ದೊಡ್ಡ ಹಡಗು 25 ಮಿ.ಮೀ. ಇಳಿಯಬೇಕಾದರೆ ನೂರು ಟನ್ ಅಥವಾ ಇನ್ನೂ ಜಾಸ್ತಿ ಸರಕು ಬೇಕು.

ಉಂಗುರದ ಎರಡೂ ಪಕ್ಕ ಒಂದೊಂದು ಅಕ್ಷರ ಇರುತ್ತದೆ. ಎಲ್ ಮತ್ತು ಆರ್ ನೋಡಿ ಲೆಫ್ಟ್-ರೈಟ್ ಅಂದುಕೊಳ್ಳಬೇಡಿ. ಅದು ಲಾಯ್ಡ್ಸ್ ರಿಜಿಸ್ಟರ್. ಗುರುತಿನ ಜಾಗ ನಿಗದಿ ಮಾಡಿದ ಸಂಸ್ಥೆಯ ಸಹಿ ಇದ್ದ ಹಾಗೆ. ಎ ಬಿ ಇದ್ದರೆ ಅಮೆರಿಕನ್ ಬ್ಯೂರೋ ಆಫ್ ಶಿಪ್ಪಿಂಗ್, ಬಿ ವಿ ಅಂದರೆ ಬ್ಯೂರೋ ವೆರಿಟಾಸ್, ಎನ್ ಕೆ ಜಪಾನಿನ ನಿಪ್ಪಾನ್ ಕೈಜಿ ಕ್ಯೋಕೈ, ಐ ಆರ್ ಇಂಡಿಯನ್ ರಿಜಿಸ್ಟರ್.

ಹತ್ತಿರದಿಂದ ನೋಡಿದರೆ ಇದು ಬರೀ ಬಣ್ಣ ಅಲ್ಲ ಅನ್ನುವುದು ಗೊತ್ತಾಗುತ್ತದೆ. ಉಕ್ಕಿನ ಮೇಲೆ ವೆಲ್ಡಿಂಗ್ ಮಾಡಿ ಗೆರೆಯ ಅಂಚನ್ನು ಉಬ್ಬಿಸಿರುತ್ತಾರೆ, ಆಮೇಲೆ ಬಣ್ಣ. ಹಡಗಿನ ಮೈ ಗಾಢ ಬಣ್ಣದ್ದಾದರೆ ಬಿಳಿ ಅಥವಾ ಹಳದಿ ಗೆರೆ, ತಿಳಿ ಬಣ್ಣದ್ದಾದರೆ ಕಪ್ಪು. ಬಣ್ಣ ಅಳಿಸಿ ಹೋದರೂ, ಯಾರಾದರೂ ಉಪಾಯ ಮಾಡಿ ಎರಡು ಇಂಚು ಮೇಲೆ ಹೊಸ ಗೆರೆ ಬಳಿದರೂ, ಕೈಯಿಟ್ಟು ಸವರಿದರೆ ಹಳೆಯ ಉಬ್ಬು ಸಿಗುತ್ತದೆ.

ಹಂತ 3: ಬಾಚಣಿಗೆ ಓದಿ

ಉಂಗುರದ ಮಧ್ಯದಿಂದ 540 ಮಿ.ಮೀ. ಮುಂದಕ್ಕೆ, ಅಂದರೆ ಹಡಗಿನ ಮೂತಿಯ ಕಡೆಗೆ, ಒಂದು ನಿಂತ ಗೆರೆ ಇದೆ. ಅದಕ್ಕೆ ಅಂಟಿಕೊಂಡು 230 ಮಿ.ಮೀ. ಉದ್ದದ ಅಡ್ಡ ಗೆರೆಗಳು. ಮೂತಿಯ ಕಡೆಗೆ ಚಾಚಿದವು ಉಪ್ಪುನೀರಿಗೆ, ಹಿಂಭಾಗದ ಕಡೆಗೆ ಚಾಚಿದವು ಸಿಹಿನೀರಿಗೆ. ಹೀಗಾಗಿ ಫೋಟೋದಲ್ಲಿ ಹಡಗಿನ ತುಂಡು ಮಾತ್ರ ಕಂಡರೂ ಮೂತಿ ಯಾವ ಕಡೆ ಅಂತ ಹೇಳಿಬಿಡಬಹುದು: ಉಂಗುರದಿಂದ ಬಾಚಣಿಗೆ ಯಾವ ಕಡೆ ಇದೆಯೋ ಆ ಕಡೆ.

ಅಕ್ಷರಗಳು ಹೀಗೆ:

ಎಸ್: ಬೇಸಿಗೆ. ಉಂಗುರದ ಗೆರೆಯ ಮಟ್ಟಕ್ಕೇ ಇರುತ್ತದೆ. ಉಳಿದೆಲ್ಲ ಇದರಿಂದ ಹುಟ್ಟಿದವು.

ಟಿ: ಉಷ್ಣವಲಯ. ಬೇಸಿಗೆ ಡ್ರಾಫ್ಟ್‌ನ 48ನೇ ಒಂದು ಭಾಗದಷ್ಟು ಮೇಲೆ. ಡ್ರಾಫ್ಟ್ ಅಂದರೆ ಹಡಗಿನ ತಳದಿಂದ ನೀರಿನ ಮಟ್ಟದವರೆಗಿನ ಅಳತೆ.

ಡಬ್ಲ್ಯು: ಚಳಿಗಾಲ. ಅಷ್ಟೇ ಪ್ರಮಾಣ, ಆದರೆ ಕೆಳಗೆ.

ಡಬ್ಲ್ಯುಎನ್‌ಎ: ಉತ್ತರ ಅಟ್ಲಾಂಟಿಕ್‌ನ ಚಳಿಗಾಲ. ಡಬ್ಲ್ಯುಗಿಂತ ಇನ್ನೂ 50 ಮಿ.ಮೀ. ಕೆಳಗೆ. 100 ಮೀಟರ್ ಅಥವಾ ಅದಕ್ಕಿಂತ ಚಿಕ್ಕ ಹಡಗಿಗೆ ಮಾತ್ರ. ದೊಡ್ಡ ಹಡಗಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಎಫ್: ಸಿಹಿನೀರು. ಎಸ್‌ಗಿಂತ ಮೇಲೆ.

ಟಿಎಫ್: ಉಷ್ಣವಲಯದ ಸಿಹಿನೀರು. ಎಲ್ಲಕ್ಕಿಂತ ಮೇಲೆ.

ಉಂಗುರದ ಇನ್ನೊಂದು ಪಕ್ಕ, ಅಂದರೆ ಹಿಂಭಾಗದ ಕಡೆ, ಎಲ್ ಅಕ್ಷರದಿಂದ ಶುರುವಾಗುವ ಎರಡನೇ ಬಾಚಣಿಗೆ ಕಂಡರೆ ಅದು ಡೆಕ್ ಮೇಲೆ ಮರದ ದಿಮ್ಮಿ ಸಾಗಿಸುವ ಹಡಗು. ಸರಿಯಾಗಿ ಬಿಗಿದು ಕಟ್ಟಿದ ಮರ ತಾನೂ ತೇಲುತ್ತದೆ, ಅಲೆಯನ್ನೂ ತಡೆಯುತ್ತದೆ, ಹಾಗಾಗಿ ಅದಕ್ಕೆ ಸ್ವಲ್ಪ ಜಾಸ್ತಿ ಇಳಿಯಲು ಅನುಮತಿ. ಡೆಕ್ ಮೇಲೆ ಮರ ಇಲ್ಲದ ದಿನ ಆ ಗೆರೆಗಳಿಗೆ ಬೆಲೆಯಿಲ್ಲ.

ಹಂತ 4: ಯಾವ ಗೆರೆ ನಿಮ್ಮದು?

ಇಲ್ಲೇ ಜನ ಎಡವುವುದು. ಬೇಸಿಗೆ, ಚಳಿಗಾಲ ಅನ್ನುವುದು ನಾವು ಮೈಮೇಲೆ ಅನುಭವಿಸುವ ಸೆಕೆ, ಚಳಿ ಅಲ್ಲ. ಗಾಳಿಯ ಲೆಕ್ಕ. ಗಾಳಿಯ ಜೋರು ಅಳೆಯುವ ಬ್ಯೂಫೋರ್ಟ್ ಮಾಪನದಲ್ಲಿ 8, ಅಂದರೆ 34 ನಾಟ್ ಅಥವಾ ಅದಕ್ಕಿಂತ ಜೋರಾದ ಗಾಳಿ, 100ಕ್ಕೆ 10 ಪಾಲಿಗಿಂತ ಹೆಚ್ಚು ಬೀಸದ ಕಡೆ ಬೇಸಿಗೆ ವಲಯ. 100ಕ್ಕೆ 1 ಪಾಲಿಗಿಂತ ಹೆಚ್ಚು ಬೀಸದ, ಚಂಡಮಾರುತವೂ ತೀರಾ ಅಪರೂಪವಾದ ಕಡೆ ಉಷ್ಣವಲಯ. ಇವನ್ನೆಲ್ಲ ಸೇರಿಸಿ ಇಡೀ ಜಗತ್ತಿನ ಸಮುದ್ರವನ್ನು ಒಪ್ಪಂದದ ನಕಾಶೆಯಲ್ಲಿ ಬಣ್ಣ ಬಣ್ಣವಾಗಿ ಹಂಚಿಟ್ಟಿದ್ದಾರೆ. ಕೆಲವು ಜಾಗ ವರ್ಷಪೂರ್ತಿ ಒಂದೇ ವಲಯ. ಕೆಲವು ತಾರೀಕಿನ ಪ್ರಕಾರ ಬದಲಾಗುತ್ತವೆ. ಬಂಗಾಳ ಕೊಲ್ಲಿ ಡಿಸೆಂಬರ್ 1ರಿಂದ ಏಪ್ರಿಲ್ 30ರವರೆಗೆ ಉಷ್ಣವಲಯದ ಲೆಕ್ಕ, ಉಳಿದ ತಿಂಗಳು ಬೇಸಿಗೆಯ ಲೆಕ್ಕ. ಮಳೆಗಾಲ, ಚಂಡಮಾರುತ ಎರಡೂ ಬರುವ ತಿಂಗಳುಗಳಲ್ಲಿ ಹಡಗು ಎತ್ತರದಲ್ಲಿ ತೇಲಲಿ ಅಂತ.

ಆದ್ದರಿಂದ ಪ್ರಯಾಣದ ದಾರಿಯನ್ನು ನಕಾಶೆಯ ಮೇಲೆ ಎಳೆಯಿರಿ. ಯಾವ ದಿನ ಯಾವ ವಲಯಕ್ಕೆ ಕಾಲಿಡುತ್ತೀರಿ ಅಂತ ಬರೆದುಕೊಳ್ಳಿ. ಎರಡು ವಲಯದ ಗಡಿಯಲ್ಲೇ ಇರುವ ಬಂದರಾದರೆ ಹಡಗು ಯಾವ ಕಡೆ ಹೊರಡುತ್ತದೋ ಆ ವಲಯದ್ದು ಅಂತ ಲೆಕ್ಕ. ಇನ್ನು ಮುಖ್ಯ ವಿಷಯ: ಗೆರೆ ಮುಳುಗಬಾರದು ಅನ್ನುವ ನಿಯಮ ಹೊರಡುವ ಹೊತ್ತಿಗೆ ಮಾತ್ರ ಅಲ್ಲ. ದಾರಿಯಲ್ಲೂ ಮುಳುಗಬಾರದು, ತಲುಪಿದಾಗಲೂ ಮುಳುಗಬಾರದು. ಬಂದರಿನಲ್ಲಿ ಎಲ್ಲ ಸರಿ ಇತ್ತು ಸ್ವಾಮಿ ಅಂದರೆ ಯಾರೂ ಕೇಳುವುದಿಲ್ಲ.

ಒಂದು ಲೆಕ್ಕ ಮಾಡೋಣ. ಕಲ್ಪನೆಯ ಹಡಗು, ಬೇಸಿಗೆ ಡ್ರಾಫ್ಟ್ 9.60 ಮೀಟರ್. ಅದನ್ನು 48ರಿಂದ ಭಾಗಿಸಿದರೆ 0.20 ಮೀಟರ್. ಹಾಗಾದರೆ ಟಿ ಗೆರೆ 9.80ಕ್ಕೆ, ಡಬ್ಲ್ಯು 9.40ಕ್ಕೆ. ಈ ಹಡಗು ಒಂದು ಸೆಂಟಿಮೀಟರ್ ಇಳಿಯಲು 40 ಟನ್ ಬೇಕು ಅಂದುಕೊಳ್ಳಿ. ಇದಕ್ಕೆ ಟಿಪಿಸಿ ಅಂತಾರೆ, ಹಡಗಿನ ಕೋಷ್ಟಕದಲ್ಲಿ ಸಿಗುತ್ತದೆ. ಒಂದೊಂದು ವಲಯದ ವ್ಯತ್ಯಾಸ 20 ಸೆಂ.ಮೀ., ಅಂದರೆ 800 ಟನ್ ಸರಕು. ದುಡ್ಡಿನ ಮಾತು ಇದು, ಅದಕ್ಕೇ ಸರಕು ತುಂಬಿಸುವ ಹೊಣೆ ಹೊತ್ತ ಚೀಫ್ ಆಫೀಸರ್ ಇಷ್ಟು ತಲೆಕೆಡಿಸಿಕೊಳ್ಳುವುದು.

ಈಗ ಬೇಸಿಗೆ ವಲಯದ ಬಂದರಿನಲ್ಲಿ ತುಂಬಿಸಿ ಹೊರಟು 10 ದಿನದ ಮೇಲೆ ಚಳಿಗಾಲದ ವಲಯ ಹೊಕ್ಕುತ್ತೀರಿ. ದಿನಕ್ಕೆ ಇಂಧನ, ನೀರು ಎಲ್ಲ ಸೇರಿ 40 ಟನ್ ಖರ್ಚು. 10 ದಿನಕ್ಕೆ 400 ಟನ್, ಅಂದರೆ ಹಡಗು 10 ಸೆಂ.ಮೀ. ಮೇಲೇಳುತ್ತದೆ. ಗಡಿಯಲ್ಲಿ 9.40 ಇರಬೇಕಾದರೆ ಹೊರಡುವಾಗ 9.50ಕ್ಕಿಂತ ಹೆಚ್ಚು ಇರುವಂತಿಲ್ಲ. ಬಂದರಿನಲ್ಲಿ ಬೇಸಿಗೆ ಗೆರೆ 9.60ಕ್ಕೆ ಇದ್ದರೂ ಅಷ್ಟೇ. 400 ಟನ್ ಸರಕು ಧಕ್ಕೆಯಲ್ಲೇ, ಅಂದರೆ ಹಡಗುಕಟ್ಟೆಯಲ್ಲೇ, ಉಳಿಯುತ್ತದೆ.

ಹಂತ 5: ನೀರು ಎಷ್ಟು ಉಪ್ಪು ಅಂತ ನೋಡಿ

ಸಮುದ್ರದ ನೀರು ಘನ ಮೀಟರಿಗೆ 1025 ಕಿಲೋ ಅಂತ ಲೆಕ್ಕ, ಸಿಹಿನೀರು 1000. ಹಗುರ ನೀರಿನಲ್ಲಿ ಅದೇ ಹಡಗು ಜಾಸ್ತಿ ಇಳಿಯುತ್ತದೆ, ಉಪ್ಪುನೀರಿಗೆ ಹೋದ ತಕ್ಷಣ ಮೇಲೇಳುತ್ತದೆ. ಎಷ್ಟು ಅಂತ ತಿಳಿಯುವುದು ಸುಲಭ. ಬೇಸಿಗೆ ಗೆರೆಯಲ್ಲಿ ಹಡಗಿನ ಒಟ್ಟು ತೂಕವನ್ನು ಟಿಪಿಸಿಯ ನಾಲ್ಕು ಪಟ್ಟಿನಿಂದ ಭಾಗಿಸಿ, ಉತ್ತರ ಮಿಲಿಮೀಟರಿನಲ್ಲಿ ಬರುತ್ತದೆ. ನಮ್ಮ ಹಡಗಿನ ಒಟ್ಟು ತೂಕ 36,000 ಟನ್ ಆದರೆ, 36,000 ಭಾಗಿಸು 160, ಅಂದರೆ 225 ಮಿ.ಮೀ. ಎಸ್‌ಗೂ ಎಫ್‌ಗೂ ಇರುವ ಅಂತರ ಇದೇ.

ಬಂದರು ನದಿಯ ಬಾಯಲ್ಲಿ ಇದ್ದರೆ ನೀರು ಪೂರ್ತಿ ಸಿಹಿಯೂ ಅಲ್ಲ, ಪೂರ್ತಿ ಉಪ್ಪೂ ಅಲ್ಲ. ಆಗ ನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬೇಕು. ಬಕೆಟ್ಟಿನಲ್ಲಿ ನೀರು ಎತ್ತಿ ಅದರೊಳಗೆ ತೇಲಿಬಿಟ್ಟು ಓದುವುದು. ಸುಮ್ನೆ ಮೇಲ್ಮೈ ನೀರು ಎತ್ತಬೇಡಿ. ಸಿಹಿನೀರು ಹಗುರ, ಮೇಲೇ ನಿಂತಿರುತ್ತದೆ, ಕೆಳಗಿನ ನೀರು ಬೇರೆಯೇ ಇರಬಹುದು. ಡ್ರಾಫ್ಟ್‌ನ ಅರ್ಧ ಆಳದಿಂದ ಎತ್ತಿ, ಒಂದಕ್ಕಿಂತ ಹೆಚ್ಚು ಕಡೆ ಎತ್ತಿ. ಹಡಗಿನಿಂದ ನೀರು ಹೊರಗೆ ಸುರಿಯುವ ಕೊಳವೆಯ ಹತ್ತಿರ ಮಾತ್ರ ಎತ್ತಬೇಡಿ, ನಿಮ್ಮದೇ ನೀರನ್ನು ನೀವೇ ಅಳೆದಂತಾಗುತ್ತದೆ.

ಹೈಡ್ರೋಮೀಟರ್ 1010 ತೋರಿಸಿತು ಅನ್ನಿ. 1025ರಲ್ಲಿ 1010 ಹೋದರೆ 15. 225ನ್ನು 15ರಿಂದ ಗುಣಿಸಿ 25ರಿಂದ ಭಾಗಿಸಿ: 135 ಮಿ.ಮೀ. ಅಂದರೆ ಬಂದರಿನಲ್ಲಿ ಗೆರೆ 135 ಮಿ.ಮೀ. ಮುಳುಗಿದ್ದರೂ ತಪ್ಪಲ್ಲ, ಸಮುದ್ರ ತಲುಪಿದಾಗ ಸರಿಯಾಗಿ ಗೆರೆಗೆ ಬಂದು ನಿಲ್ಲುತ್ತದೆ. ಮೇಲಿನ ಉದಾಹರಣೆಯಲ್ಲಿ ಹೊರಡುವ ಮಿತಿ 9.50 ಇತ್ತಲ್ಲ, ಆ ಬಂದರಿನ ನೀರು 1010 ಆದರೆ ಧಕ್ಕೆಯಲ್ಲಿ 9.635ರವರೆಗೆ ತುಂಬಬಹುದು. ಈ ಲೆಕ್ಕ ಮಾಡದೆ ಗೆರೆ ಕಂಡಲ್ಲೇ ನಿಲ್ಲಿಸಿದರೆ ಸುಮಾರು 530 ಟನ್ ಸರಕು ಸುಮ್ಮನೆ ಬಿಟ್ಟು ಹೋದ ಹಾಗೆ. ಉಲ್ಟಾ, ನೀರು ಉಪ್ಪಾಗಿದ್ದರೂ ಸಿಹಿನೀರಿನ ರಿಯಾಯಿತಿ ತೆಗೆದುಕೊಂಡರೆ ಅದು ಓವರ್‌ಲೋಡ್, ಬೇರೆ ಮಾತಿಲ್ಲ.

ಬಂದರು ನದಿಯ ಒಳಗೆ ದೂರದಲ್ಲಿದ್ದರೆ ಇನ್ನೊಂದು ಸಣ್ಣ ರಿಯಾಯಿತಿ ಉಂಟು. ಅಲ್ಲಿಂದ ಸಮುದ್ರ ಸೇರುವವರೆಗೆ ಸುಡುವ ಇಂಧನದ ತೂಕದಷ್ಟು ಹೆಚ್ಚಿಗೆ ಇಳಿದಿರಬಹುದು.

ಹಂತ 6: ಕಣ್ಣಿನಿಂದ ಓದುವುದು

ಎರಡೂ ಪಕ್ಕ ನೋಡಲೇಬೇಕು. ಧಕ್ಕೆಯ ಕಡೆಯದು ಸುಲಭ. ಸಮುದ್ರದ ಕಡೆಯದಕ್ಕೆ ದೋಣಿ ಬೇಕು, ಇಲ್ಲ ಹಗ್ಗದ ಏಣಿ ಇಳಿಯಬೇಕು, ಹಾಗಾಗಿ ಅದನ್ನು ಬಿಟ್ಟುಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಬಿಡಬೇಡಿ. ಹಡಗು ಸ್ವಲ್ಪ ವಾಲಿದ್ದರೂ ಒಂದು ಕಡೆ ಗೆರೆ ಮೇಲಿದ್ದು ಇನ್ನೊಂದು ಕಡೆ ನೀರೊಳಗೆ ಇರುತ್ತದೆ. ಎರಡರ ಸರಾಸರಿ ತೆಗೆಯಿರಿ, ಅದಕ್ಕೂ ಮೊದಲು ವಾಲಿದ್ದನ್ನೇ ಸರಿ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಸಣ್ಣ ಅಲೆ ಇದ್ದಾಗ ನೀರು ಏರಿಳಿಯುತ್ತಿರುತ್ತದೆ. ಒಂದೇ ಸಲ ನೋಡಿ ಅಂಕಿ ಬರೆಯಬೇಡಿ, ಸ್ವಲ್ಪ ಹೊತ್ತು ನಿಂತು ಅತಿ ಮೇಲಿನದು, ಅತಿ ಕೆಳಗಿನದು ಎರಡನ್ನೂ ನೋಡಿ ನಡುವಿನದು ಹಿಡಿಯಿರಿ.

ಮೂತಿ, ನಡು, ಹಿಂಭಾಗದಲ್ಲಿ ಬರೆದಿರುವ ಅಂಕಿಗಳು ಡ್ರಾಫ್ಟ್ ಅಂಕಿಗಳು. ಅವು ಮಿತಿ ಅಲ್ಲ, ಅಳತೆಪಟ್ಟಿ. ಮೀಟರ್ ಪದ್ಧತಿಯಲ್ಲಿ ಒಂದೊಂದು ಅಂಕಿಯ ಎತ್ತರ 10 ಸೆಂ.ಮೀ., ನಡುವಿನ ಖಾಲಿ ಜಾಗ 10 ಸೆಂ.ಮೀ. ನೀರು ಅಂಕಿಯ ಬುಡಕ್ಕೆ ಮುಟ್ಟಿದ್ದರೆ ಆ ಅಂಕಿಯೇ ಡ್ರಾಫ್ಟ್. ತಲೆಗೆ ಮುಟ್ಟಿದ್ದರೆ ಅದಕ್ಕೆ 10 ಸೆಂ.ಮೀ. ಕೂಡಿಸಿ.

ಮೂರೂ ಕಡೆ ಓದುವುದಕ್ಕೆ ಕಾರಣ ಇದೆ. ಉಕ್ಕಿನ ಹಡಗು ಬಾಗುತ್ತದೆ. ನಡುವಿನ ಸರಕು ಕೋಣೆಗಳಲ್ಲಿ, ಅಂದರೆ ಹೋಲ್ಡ್‌ಗಳಲ್ಲಿ ಭಾರ ಜಾಸ್ತಿಯಾದರೆ ಹೊಟ್ಟೆ ಕೆಳಗೆ ಜೋಲುತ್ತದೆ. ಮೂತಿಯಲ್ಲಿ 9.58, ಹಿಂದೆ 9.62, ಸರಾಸರಿ 9.60, ಆಹಾ ಸರಿಯಾಗಿದೆ ಅಂದುಕೊಂಡು ನಡುವೆ ನೋಡಿದರೆ 9.66! ಲೋಡ್ ಲೈನ್ ಇರುವುದು ನಡುವೆ. ಅಲ್ಲಿ ಅದು 6 ಸೆಂ.ಮೀ. ಮುಳುಗಿದೆ. ಮೂತಿ ಮತ್ತು ಹಿಂಭಾಗದ ಸರಾಸರಿ ನಿಮ್ಮನ್ನು ಕಾಪಾಡುವುದಿಲ್ಲ, ಸರಕನ್ನು ಹಂಚಿ ತುಂಬಬೇಕಿತ್ತು.

ಇವು ಲೋಡ್ ಲೈನ್ ಅಲ್ಲ

ಕೆಳಗೆ ಕೆಂಪು, ಮೇಲೆ ಕಪ್ಪು ಅಥವಾ ನೀಲಿ ಬಣ್ಣ ಸೇರುವ ಗಡಿಗೂ ಕಾನೂನಿಗೂ ಸಂಬಂಧ ಇಲ್ಲ. ಕೆಂಪು ಭಾಗದಲ್ಲಿ ಪಾಚಿ, ಚಿಪ್ಪು ಹಿಡಿಯದ ಹಾಗೆ ಬಳಿದ ಬಣ್ಣ ಇರುತ್ತದೆ, ಅಷ್ಟೇ. ಕೆಂಪು ತುಂಬಾ ಕಾಣುತ್ತಿದ್ದರೆ ಹಡಗು ಖಾಲಿ ಇದೆ ಅಂತ ಊಹಿಸಬಹುದು. ಮೂತಿಯ ಹತ್ತಿರ ವೃತ್ತದೊಳಗೆ ಅಡ್ಡ-ಉದ್ದ ಗೆರೆ ಇರುವ ಗುರುತು ನೀರಿನೊಳಗಿನ ಬೋ ಥ್ರಸ್ಟರ್ ಪ್ರೊಪೆಲ್ಲರ್ ಇದೆ ಅಂತ ದೋಣಿಯವರಿಗೆ ಎಚ್ಚರಿಕೆ. ಟಗ್ ಅಂತ ಬರೆದಿರುವ ಕಡೆ ಟಗ್ ದೋಣಿ ತಳ್ಳಬಹುದು, ಒಳಗೆ ಉಕ್ಕು ಗಟ್ಟಿ ಇದೆ.

ಕೆಲವು ಹಡಗಿನಲ್ಲಿ ಉಂಗುರದ ಪಕ್ಕ ಎಫ್ ಒಂದೇ ಇದ್ದು ಬೇರೆ ಗೆರೆಗಳೇ ಇರುವುದಿಲ್ಲ. ಅರ್ಧ ಅಳಿಸಿಹೋಗಿದೆ ಅಂತಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಫ್ರೀಬೋರ್ಡ್ ಇಟ್ಟುಕೊಂಡ ಹಡಗು ಅದು, ಉಂಗುರದ ಗೆರೆಯೊಂದೇ ಎಲ್ಲ ಕಾಲಕ್ಕೂ ಸಾಕು. ಪ್ರಯಾಣಿಕರ ಹಡಗಿನಲ್ಲಿ ಸಿ ಅಥವಾ ಪಿ ಅಕ್ಷರದ ಹೆಚ್ಚುವರಿ ಗೆರೆ ಇರುತ್ತದೆ. ಒಳಗೆ ಒಂದು ಭಾಗಕ್ಕೆ ನೀರು ನುಗ್ಗಿದರೂ ತೇಲಬೇಕು ಅನ್ನುವ ಬೇರೆ ನಿಯಮದ ಗೆರೆ ಅದು.

ಕಾಗದ

ಸರ್ಟಿಫಿಕೇಟ್ ಗರಿಷ್ಠ 5 ವರ್ಷಕ್ಕೆ. ನಡುವೆ ಪ್ರತಿವರ್ಷ ಸರ್ವೇಯರ್ ಬಂದು ನೋಡುತ್ತಾರೆ, ಆ ವಾರ್ಷಿಕ ತಾರೀಕಿನ 3 ತಿಂಗಳು ಆಚೀಚೆ ಆದರೆ ನಡೆಯುತ್ತದೆ. ಅವರು ಗೆರೆಗಿಂತ ಹೆಚ್ಚು ಹೊತ್ತು ನೋಡುವುದು ಹ್ಯಾಚ್ ಮುಚ್ಚಳದ ರಬ್ಬರ್, ಬಾಗಿಲುಗಳ ಚಿಲಕ, ಗಾಳಿ ಕೊಳವೆಯ ಮುಚ್ಚಳ, ಡೆಕ್ ಮೇಲೆ ಬಂದ ನೀರು ಹೊರಗೆ ಹರಿಯುವ ಕಿಂಡಿ ಇವನ್ನು. ಹಡಗಿಗೆ ಅಷ್ಟು ಇಳಿಯಲು ಅನುಮತಿ ಕೊಟ್ಟಿದ್ದೇ ಇವೆಲ್ಲ ಸರಿಯಾಗಿ ಮುಚ್ಚಿಕೊಳ್ಳುತ್ತವೆ ಅನ್ನುವ ನಂಬಿಕೆಯ ಮೇಲೆ. ತುಕ್ಕು ಹಿಡಿದು ಮುಚ್ಚದ ಒಂದು ಬಾಗಿಲು ಸಾಕು, ಬಂದರಿನ ಅಧಿಕಾರಿ ಹಡಗು ಹಿಡಿದಿಡಬಹುದು.

ಉಂಗುರ ಕಾಣಲೇ ಇಲ್ಲ ಅಂದರೆ ಗಾಬರಿ ಬೇಡ. ಯುದ್ಧನೌಕೆ, ಮೀನುಗಾರಿಕೆ ದೋಣಿ, ವ್ಯಾಪಾರಕ್ಕೆ ಬಳಸದ ವಿಹಾರ ನೌಕೆ, 24 ಮೀಟರಿಗಿಂತ ಚಿಕ್ಕ ಹೊಸ ಹಡಗು, ಇವುಗಳಿಗೆ 1966ರ ಒಪ್ಪಂದ ಅನ್ವಯಿಸುವುದಿಲ್ಲ. ಅವುಗಳಿಗೆ ಆಯಾ ದೇಶದ ನಿಯಮ ಏನಿದೆಯೋ ಅದೇ.